ಸೆಕ್ಯುರಿಟಿ ಸಂಘದ ಸದಸ್ಯತ್ವಕ್ಕೆ ದುಡ್ಡು ಕಟ್ಟಿದರೆ ಕೆಲಸಕ್ಕೆ ಏನು ಲಾಭ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಓದಿದ್ದು ಕಂಪ್ಯೂಟರ್ ಸೈನ್ಸ್ ಬಿಇ. ಬೆಂಗಳೂರಿನ ಒಂದು ಎಸ್‌ಒಸಿಯಲ್ಲಿ (ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ) ಅನಲಿಸ್ಟ್ ಆಗಿ 3 ವರ್ಷ ಆಗಿದೆ. ಮುಂದೆ ಆಡಿಟ್ ಅಥವಾ ಸೆಕ್ಯುರಿಟಿ ಆರ್ಕಿಟೆಕ್ಚರ್ (ಭದ್ರತೆಯ ವಿನ್ಯಾಸ) ಕಡೆ ಹೋಗುವ ಆಸೆ. ಐಟಿ ಆಡಿಟ್‌ನವರ ಸಂಘ ಐಸಾಕಾ ಸೇರು ಅಂತ ಕೆಲವರು, ಸೈಬರ್ ಸೆಕ್ಯುರಿಟಿಯವರ ಸಂಘ ಐಎಸ್‌ಸಿ2 ಸಾಕು ಅಂತ ಇನ್ನು ಕೆಲವರು. ವರ್ಷಕ್ಕೆ ಹನ್ನೆರಡು, ಹದಿಮೂರು ಸಾವಿರ ಕಟ್ಟಿದರೆ ಕೈಗೆ ಸಿಗುವುದೇನು? ರಾತ್ರಿ ಪಾಳಿ ಬೇರೆ, ಸಭೆಗಳಿಗೆ ಹೋಗುವುದು ಕಷ್ಟ. ತಂದೆ ಸೇನೆಯಿಂದ ನಿವೃತ್ತರಾಗಿ ಟೆಕ್ ಪಾರ್ಕ್ ಒಂದರ ಭದ್ರತೆ ನೋಡಿಕೊಳ್ಳುತ್ತಾರೆ. ಅವರಿಗೂ ಇಂಥದ್ದೇನಾದರೂ ಇದೆಯೇ?

ಆಡಿಟ್ ಕಡೆಯಿಂದ ಉತ್ತರ:

ಮೊದಲು ಲೆಕ್ಕ ಹಾಕಿ. ಐಸಾಕಾ ಸದಸ್ಯತ್ವ ವರ್ಷಕ್ಕೆ 145 ಡಾಲರ್, ಅದರ ಮೇಲೆ ಬೆಂಗಳೂರು ಶಾಖೆಯ ಶುಲ್ಕ. ಐಸಾಕಾ ಕೊಡುವ ಐಟಿ ಆಡಿಟರ್ ಪ್ರಮಾಣಪತ್ರ ಸೀಸಾ (CISA). ಅದರ ಪರೀಕ್ಷೆಗೆ ಸದಸ್ಯರು ಕಟ್ಟುವುದು 575 ಡಾಲರ್, ಸದಸ್ಯರಲ್ಲದವರು 760. ವ್ಯತ್ಯಾಸ 185. ಅಂದರೆ ಪರೀಕ್ಷೆ ಕಟ್ಟುವ ವರ್ಷ ಸದಸ್ಯತ್ವದ ದುಡ್ಡು ಅಲ್ಲೇ ಹುಟ್ಟಿಕೊಳ್ಳುತ್ತದೆ, ಶಾಖೆಯ ಶುಲ್ಕ ಬಿಟ್ಟು ನೋಡಿದರೆ ಇನ್ನೂ 40 ಡಾಲರ್ ಮಿಗುತ್ತದೆ. ಒಮ್ಮೆ ಫೇಲಾಗಿ ಮತ್ತೆ ಬರೆಯಬೇಕಾದರೂ ಅದೇ ರಿಯಾಯಿತಿ ಸಿಗುತ್ತದೆ. ಪಾಸಾದ ಮೇಲೆ ಕತೆ ಬೇರೆ. ಪ್ರಮಾಣಪತ್ರ ಉಳಿಸಿಕೊಳ್ಳುವ ವಾರ್ಷಿಕ ಶುಲ್ಕ ಸದಸ್ಯರಿಗೆ 45, ಇತರರಿಗೆ 85. ಉಳಿಯುವುದು 40 ಮಾತ್ರ. ಆಮೇಲಿನ ವರ್ಷಗಳಲ್ಲಿ ಸದಸ್ಯತ್ವ ನಿಮಗೆ ನೂರು ಡಾಲರಿಗಿಂತ ಹೆಚ್ಚಿನ ನಿಜವಾದ ಖರ್ಚು. ಶಾಖೆಯ ಕೆಲಸದಲ್ಲಿ ತೊಡಗಿಕೊಳ್ಳುವುದಾದರೆ ಮುಂದುವರಿಸಿ, ಇಲ್ಲವಾದರೆ ಸದಸ್ಯತ್ವ ಬಿಟ್ಟು ಸೀಸಾ ಮಾತ್ರ ಉಳಿಸಿಕೊಳ್ಳಬಹುದು. ಎರಡೂ ಬೇರೆ ಬೇರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈ ದರಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಮತ್ತೊಮ್ಮೆ ನೋಡಿ. ವರ್ಷದ ಕೊನೆಯಲ್ಲಿ ಸೇರುವವರು ಸದಸ್ಯತ್ವ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಓದಿಕೊಂಡೇ ಕಟ್ಟಬೇಕು. ಕಾರ್ಡಿನಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ಹಲವು ಕಾರ್ಡುಗಳು ವಿನಿಮಯದ ಮೇಲೆ 3.5 ಶೇಕಡಾವರೆಗೂ ಹಾಕುತ್ತವೆ, ಆ ಮೊತ್ತದ ಮೇಲೆ 18 ಶೇಕಡಾ ಜಿಎಸ್‌ಟಿ.

ಇನ್ನು ಉದ್ಯೋಗದ ಲಾಭ. ರೆಸ್ಯುಮೆಯಲ್ಲಿ ‘ಐಸಾಕಾ ಸದಸ್ಯ’ ಎಂಬ ಸಾಲಿಗೆ ಯಾರೂ ಸಂಬಳ ಏರಿಸುವುದಿಲ್ಲ. ಸೀಸಾಕ್ಕೆ ಬೆಲೆ ಇದೆ, ಅದಕ್ಕೆ ಗಟ್ಟಿ ಕಾರಣವೂ ಇದೆ: ಪೇಮೆಂಟ್ ಸಂಸ್ಥೆಗಳ ಸಿಸ್ಟಮ್ ಆಡಿಟ್ ಬಗ್ಗೆ ಆರ್‌ಬಿಐ ಹೊರಡಿಸಿದ ಸೂಚನೆಗಳಲ್ಲಿ ಸೀಸಾ ಮತ್ತು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಡೀಸಾ (DISA) ಅರ್ಹತೆಯ ಹೆಸರಿದೆ. ಆಡಿಟ್ ಸಂಸ್ಥೆಗಳು ಹುಡುಕಿ ಹುಡುಕಿ ಕರೆಯುವುದು ಇದಕ್ಕೇ. ಅನುಭವ 5 ವರ್ಷ ಬೇಕು, ಓದಿನ ಲೆಕ್ಕದಲ್ಲಿ ಗರಿಷ್ಠ 3 ವರ್ಷದವರೆಗೆ ವಿನಾಯಿತಿ ಇದೆ. ಪರೀಕ್ಷೆ ಮೊದಲು ಬರೆದು, ಪಾಸಾದ 5 ವರ್ಷದೊಳಗೆ ಅರ್ಜಿ ಹಾಕಬಹುದು. ಅರ್ಜಿಗೆ ಇನ್ನೂ 50 ಡಾಲರ್. ಎಸ್‌ಒಸಿ ಕೆಲಸವೂ ಮಾಹಿತಿ ಸುರಕ್ಷತೆಯ ಅನುಭವವೇ, ಆದ್ದರಿಂದ ನಿಮ್ಮ 3 ವರ್ಷ ವ್ಯರ್ಥವಾಗುವುದಿಲ್ಲ.

ಆರ್ಕಿಟೆಕ್ಚರ್ ಕಡೆಯಿಂದ ಉತ್ತರ:

ಐಎಸ್‌ಸಿ2ನಲ್ಲಿ ಪದ್ಧತಿ ಬೇರೆ. ಅಲ್ಲಿ ಪರೀಕ್ಷೆ ಪಾಸಾಗಿ, ಅರ್ಹತೆ ತೋರಿಸಿ, ವಾರ್ಷಿಕ ಶುಲ್ಕ ಕಟ್ಟಿದವರೇ ಸದಸ್ಯರು. ಅದರ ಮುಖ್ಯ ಸೆಕ್ಯುರಿಟಿ ಪ್ರಮಾಣಪತ್ರ ಸಿಐಎಸ್‌ಎಸ್‌ಪಿಯ (CISSP) ಪರೀಕ್ಷೆ 749 ಡಾಲರ್, ಆಮೇಲೆ ವರ್ಷಕ್ಕೆ 135. ಒಟ್ಟು 8 ವಿಭಾಗಗಳಲ್ಲಿ ಕನಿಷ್ಠ 2ರಲ್ಲಿ 5 ವರ್ಷದ ಅನುಭವ ಬೇಕು. ಕಂಪ್ಯೂಟರ್ ಸೈನ್ಸ್ ಪದವಿಗೆ 1 ವರ್ಷ ವಿನಾಯಿತಿ. ಪದವಿಯ ಜತೆಗೆ ಇನ್ನೆಷ್ಟು ಪ್ರಮಾಣಪತ್ರ ತೋರಿಸಿದರೂ ಒಟ್ಟು ವಿನಾಯಿತಿ ಒಂದೇ ವರ್ಷ. ನಿಮಗೆ 3 ಮತ್ತು 1 ಸೇರಿ 4 ಆಯಿತು, ಇನ್ನೊಂದು ವರ್ಷ ಬಾಕಿ.

ಜನ ಎಡವುವುದು ‘2 ವಿಭಾಗ’ ಎಂಬಲ್ಲಿ. ಅಲರ್ಟ್ ನೋಡುವುದು, ಇನ್ಸಿಡೆಂಟ್ ನಿಭಾಯಿಸುವುದು ಎಲ್ಲ ಸೆಕ್ಯುರಿಟಿ ಆಪರೇಷನ್ಸ್ ಎಂಬ ಒಂದೇ ವಿಭಾಗಕ್ಕೆ ಸೇರುತ್ತದೆ. ಉಳಿದಿರುವ ಈ ವರ್ಷದಲ್ಲಿ ಮ್ಯಾನೇಜರ್ ಹತ್ತಿರ ಕೇಳಿ ಬಳಕೆದಾರರ ಪ್ರವೇಶ ಹಕ್ಕುಗಳ ಪರಿಶೀಲನೆಯನ್ನೋ, ವಲ್ನರಬಿಲಿಟಿ (ವ್ಯವಸ್ಥೆಯ ದೌರ್ಬಲ್ಯ) ಪರೀಕ್ಷೆಯನ್ನೋ ಕೈಗೆ ತೆಗೆದುಕೊಳ್ಳಿ. ಎರಡನೇ ವಿಭಾಗ ತುಂಬುವುದು ಹೀಗೆ.

ಈಗಲೇ ಪರೀಕ್ಷೆ ಬರೆದರೆ ‘ಅಸೋಸಿಯೇಟ್ ಆಫ್ ಐಎಸ್‌ಸಿ2’ ಆಗುತ್ತೀರಿ. ಅನುಭವ ತುಂಬಿಸಲು 6 ವರ್ಷ ಸಿಗುತ್ತದೆ, ವಾರ್ಷಿಕ ಶುಲ್ಕ 50 ಡಾಲರ್. ಆದರೆ ಆ ಹಂತದಲ್ಲಿ ಹೆಸರಿನ ಮುಂದೆಯಾಗಲಿ ರೆಸ್ಯುಮೆಯಲ್ಲಾಗಲಿ ಸಿಐಎಸ್‌ಎಸ್‌ಪಿ ಅಂತ ಹಾಕಿಕೊಳ್ಳುವ ಹಾಗಿಲ್ಲ. ‘ಪಾಸಾಗಿದ್ದೇನಲ್ಲ’ ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡರೆ ಅದು ನಿಯಮದ ಉಲ್ಲಂಘನೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಂಬಿಕೆಯೇ ಬಂಡವಾಳವಾಗಿರುವ ವೃತ್ತಿ ಇದು.

ಅನುಭವ ಪೂರ್ತಿ ಇರುವವರಿಗೆ ಪಾಸಾದ ಮೇಲೆ ಎಂಡಾರ್ಸ್‌ಮೆಂಟ್‌ಗೆ 9 ತಿಂಗಳ ಗಡುವು. ಐಎಸ್‌ಸಿ2 ಪ್ರಮಾಣಪತ್ರ ಇರುವ ಒಬ್ಬರು ನಿಮ್ಮ ಅನುಭವ ನಿಜ ಅಂತ ಸಹಿ ಹಾಕಬೇಕು. ಗೊತ್ತಿರುವವರು ಯಾರೂ ಇಲ್ಲದಿದ್ದರೆ ಸಂಸ್ಥೆಯೇ ಮಾಡಿಕೊಡುತ್ತದೆ, ಆಗ ದಾಖಲೆ ಹೆಚ್ಚು ಬೇಕಾಗುತ್ತದೆ. ಶಾಖೆಯ ಸಭೆಗಳ ಮೊದಲ ಉಪಯೋಗ ಇಲ್ಲೇ ಕಾಣುವುದು. ಪರೀಕ್ಷೆ ಆದಮೇಲೆ ಹುಡುಕಿಕೊಂಡು ಹೋಗಿ ಅಪರಿಚಿತರ ಹತ್ತಿರ ಸಹಿ ಕೇಳುವುದು ಸರಿಯಲ್ಲ. ಆರು ತಿಂಗಳು ಮೊದಲಿಂದಲೇ ನಿಮ್ಮ ಕೆಲಸ ಏನೆಂದು ನಾಲ್ಕು ಜನಕ್ಕೆ ಗೊತ್ತಿರಲಿ.

ದಾಖಲೆಯ ಬಗ್ಗೆ ಒಂದು ಮಾತು. ನಮ್ಮ ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ‘ಸೀನಿಯರ್ ಅಸೋಸಿಯೇಟ್’ ಅಂತ ಹುದ್ದೆ ಇರುತ್ತದೆಯೇ ಹೊರತು ಮಾಡಿದ ಕೆಲಸ ಇರುವುದಿಲ್ಲ. ಕೆಲಸ ಬಿಡುವ ಮೊದಲೇ ಲೆಟರ್‌ಹೆಡ್‌ನಲ್ಲಿ ಆರಂಭದ ಮತ್ತು ಕೊನೆಯ ತಾರೀಖು, ಮಾಡಿದ ಕೆಲಸದ ನಾಲ್ಕು ಸಾಲು ಬರೆಸಿಕೊಳ್ಳಿ. ಮ್ಯಾನೇಜರ್ ಬದಲಾದ ಮೇಲೆ ಇದನ್ನು ಪಡೆಯುವುದು ತಿಂಗಳುಗಟ್ಟಲೆ ಅಲೆದಾಟ.

ಶಾಖೆಯ ಕೆಲಸಗಳಲ್ಲಿ ಇರುವವರಿಂದ:

ಮೇಲಿನವರು ಹಣದ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ಸದಸ್ಯತ್ವ ಬಿಟ್ಟು ಸೀಸಾ ಮಾತ್ರ ಇಟ್ಟುಕೊಳ್ಳಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವೃತ್ತಿಯ ಮೊದಲ ಹತ್ತು ವರ್ಷದಲ್ಲಿ ಶಾಖೆ ಕೊಡುವುದನ್ನು ಬೇರೆ ಕಡೆ ಸಂಪಾದಿಸುವುದು ಕಷ್ಟ. ಒಂದೇ ಷರತ್ತು: ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಊಟ ಮಾಡಿ ಬಂದರೆ ಏನೂ ಸಿಗುವುದಿಲ್ಲ.

ಸಿಗುವುದು ಕೆಲಸ ಹೊತ್ತುಕೊಂಡಾಗ. ನೋಂದಣಿ ಮೇಜು, ಭಾಷಣಕಾರರ ಜತೆ ಪತ್ರವ್ಯವಹಾರ, ಸುದ್ದಿಪತ್ರ, ಸಮ್ಮೇಳನದ ವೇಳಾಪಟ್ಟಿ, ಇವಕ್ಕೆ ಜನ ಯಾವಾಗಲೂ ಕಡಿಮೆ. ಅದರಲ್ಲೂ ಭಾಷಣಕಾರರನ್ನು ಒಪ್ಪಿಸುವ ಕೆಲಸ ಕೇಳಿ ಪಡೆಯಿರಿ. ಬ್ಯಾಂಕಿನ ಸಿಐಎಸ್‌ಒ (ಮಾಹಿತಿ ಸುರಕ್ಷತೆಯ ಮುಖ್ಯ ಅಧಿಕಾರಿ) ಒಬ್ಬರಿಗೆ ಮೂರು ನಾಲ್ಕು ಸಲ ಮೇಲ್ ಬರೆದು, ಸಮಯಕ್ಕೆ ಸರಿಯಾಗಿ ಎಲ್ಲ ನಡೆಸಿಕೊಟ್ಟರೆ ನಿಮ್ಮ ಹೆಸರು ಅವರಿಗೆ ನೆನಪಿರುತ್ತದೆ. ಮೊದಲ ಮಾತಿಗೇ ‘ನಿಮ್ಮಲ್ಲಿ ಓಪನಿಂಗ್ ಇದೆಯಾ’ ಅಂತ ಕೇಳಬೇಡಿ. ಅವರು ಮಾತಾಡಿದ ವಿಷಯದ ಮೇಲೆ ನಿಖರವಾದ ಒಂದು ಪ್ರಶ್ನೆ ಕೇಳಿ, ಎರಡು ದಿನದೊಳಗೆ ಅದರ ಮುಂದುವರಿಕೆಯಾಗಿ ನಾಲ್ಕು ಸಾಲು ಬರೆಯಿರಿ.

ಸಿಪಿಇ ಅಂಕಗಳ ವಿಷಯ, ಅಂದರೆ ಪ್ರಮಾಣಪತ್ರ ಉಳಿಸಿಕೊಳ್ಳಲು ಕಲಿಯುತ್ತಲೇ ಇದ್ದೀರಿ ಅಂತ ತೋರಿಸುವ ಅಂಕಗಳು. ಸೀಸಾಗೆ ಮೂರು ವರ್ಷಕ್ಕೆ 120, ವರ್ಷಕ್ಕೆ ಕನಿಷ್ಠ 20. ಐಸಾಕಾ ಲೆಕ್ಕದಲ್ಲಿ 50 ನಿಮಿಷಕ್ಕೆ 1 ಅಂಕ. ಕೇಳುವವರಾಗಿ ಕೂತರೆ 1, ಅದೇ 50 ನಿಮಿಷ ನೀವೇ ಮೊದಲ ಸಲ ಉಪನ್ಯಾಸ ಕೊಟ್ಟರೆ ತಯಾರಿಗೂ ಸೇರಿಸಿ ಐದು ಪಟ್ಟು. ವರ್ಷಕ್ಕೆ ಎರಡು ಹೊಸ ಉಪನ್ಯಾಸ ಕೊಟ್ಟರೆ 10 ಅಂಕ ಬಂತು. ಅಂಕಕ್ಕಿಂತ ಮುಖ್ಯ, ಸಂದರ್ಶನದಲ್ಲಿ ತೋರಿಸಲು ಒಂದು ಕೆಲಸ ಇರುತ್ತದೆ. ಹಾಜರಾತಿ ಪತ್ರವನ್ನು ಅದೇ ದಿನ ಒಂದು ಫೋಲ್ಡರ್‌ಗೆ ಹಾಕಿ, ಮೂರು ವರ್ಷದ ಅವಧಿ ಮುಗಿದ ಮೇಲೂ 12 ತಿಂಗಳು ಇಟ್ಟುಕೊಳ್ಳಿ, ಪರಿಶೀಲನೆಗೆ ಕರೆಯಬಹುದು.

ಎಸ್‌ಒಸಿಯವರು ಉಪನ್ಯಾಸ ಕೊಡುವಾಗ ಆಗುವ ದೊಡ್ಡ ತಪ್ಪು ಸ್ಕ್ರೀನ್‌ಶಾಟ್. ಮೂಲೆಯಲ್ಲಿ ಗ್ರಾಹಕರ ಡೊಮೈನ್ ಹೆಸರು, ಒಳಗಿನ ಐಪಿ ವಿಳಾಸ ಉಳಿದುಬಿಡುತ್ತದೆ. ಮಸುಕು ಮಾಡಿದರೆ ಸಾಲದು, ಲ್ಯಾಬ್‌ನಲ್ಲಿ ಅದೇ ದಾಳಿಯನ್ನು ಮರುಸೃಷ್ಟಿಸಿ ಹೊಸ ಚಿತ್ರ ತೆಗೆಯಿರಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವೇದಿಕೆ ಹತ್ತಬೇಡಿ.

ಶಾಖೆ ಜೀವಂತವಾಗಿದೆಯೇ ಅಂತ ನೋಡುವುದೂ ಸುಲಭ. ಕಳೆದ ಆರು ತಿಂಗಳ ಕಾರ್ಯಕ್ರಮಗಳ ಪಟ್ಟಿ ನೋಡಿ. ಖಾಲಿ ಇದ್ದರೆ ಅಥವಾ ಬರೀ ಉತ್ಪನ್ನ ಮಾರುವವರ ಭಾಷಣಗಳೇ ಇದ್ದರೆ ಶಾಖೆಯ ಶುಲ್ಕ ಕಟ್ಟಲು ಅವಸರ ಬೇಡ.

ಅಪ್ಲಿಕೇಶನ್ ಸೆಕ್ಯುರಿಟಿ ಕಡೆಯಿಂದ:

ಒಂದು ರೂಪಾಯಿ ಕಟ್ಟುವ ಮೊದಲು ನಲ್ (null) ಮತ್ತು ಓವಾಸ್ಪ್ (OWASP) ಎಂಬ ಸೆಕ್ಯುರಿಟಿ ಆಸಕ್ತರ ಮುಕ್ತ ಬಳಗಗಳ ಬೆಂಗಳೂರು ಶಾಖೆಗಳ ಸಭೆಗೆ ಹೋಗಿ. ಸದಸ್ಯತ್ವ ಬೇಕಿಲ್ಲ, ಪ್ರವೇಶ ಉಚಿತ. ನಲ್‌ನ ‘ಹಮ್ಲಾ’ ಅನ್ನುವ ಸೆಷನ್‌ಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೈಯಾರೆ ಮಾಡಿ ಕಲಿಯಬಹುದು. ರಾತ್ರಿ ಪಾಳಿಯವರಿಗೆ ವಾರದ ದಿನದ ಸಂಜೆಗಿಂತ ಶನಿವಾರದ ಸಭೆಗಳು ಅನುಕೂಲ. ಮೊದಲ ಉಪನ್ಯಾಸಕ್ಕೂ ಇದೇ ಒಳ್ಳೆಯ ಜಾಗ, ಹೊಸಬರನ್ನು ಪ್ರೀತಿಯಿಂದ ಕೇಳುತ್ತಾರೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ರಾಜ್ಯ ಸರ್ಕಾರದ ಸೈಬರ್ ಸುರಕ್ಷತಾ ಕೇಂದ್ರ ‘ಸೈಸೆಕ್’ ಮೇಲೂ ಕಣ್ಣಿಡಿ.

ಭೌತಿಕ ಭದ್ರತೆಯ ಕಡೆಯಿಂದ, ತಂದೆಯವರ ಬಗ್ಗೆ:

ಅವರಿಗೆ ತಕ್ಕದ್ದು ಭದ್ರತಾ ವೃತ್ತಿಯವರ ಸಂಘ ಏಸಿಸ್ ಇಂಟರ್‌ನ್ಯಾಷನಲ್ (ASIS). 1955ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಘ, ಬೆಂಗಳೂರಿನಲ್ಲೂ ಶಾಖೆ ಇದೆ. ಭದ್ರತಾ ನಿರ್ವಹಣೆಗೆ ಅದು ಕೊಡುವ ಸಿಪಿಪಿ (CPP) ಪ್ರಮಾಣಪತ್ರಕ್ಕೆ ಬಹುರಾಷ್ಟ್ರೀಯ ಕಂಪನಿಗಳ ಭದ್ರತಾ ವಿಭಾಗಗಳಲ್ಲಿ ಒಳ್ಳೆಯ ಮನ್ನಣೆ. ಐಎಸ್‌ಸಿ2 ಹಾಗಲ್ಲದೆ ಇಲ್ಲಿ ಅರ್ಹತೆಯ ಅರ್ಜಿ ಮೊದಲು, ಪರೀಕ್ಷೆ ಆಮೇಲೆ. ಅನುಭವದಲ್ಲಿ 3 ವರ್ಷ ನಿರ್ಧಾರ ತೆಗೆದುಕೊಳ್ಳುವ ಹೊಣೆಯಲ್ಲಿ ಇದ್ದಿರಬೇಕು. ಸೇನೆಯಿಂದ ಬಂದವರ ಅರ್ಜಿ ತೊಡಕಾಗುವುದು ಇಲ್ಲಿ: ರ‍್ಯಾಂಕ್ ಮತ್ತು ಯೂನಿಟ್ ಬರೆದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಜನ ಕೈಕೆಳಗೆ ಇದ್ದರು, ಯಾವ ಆವರಣದ ಕಾವಲು ಯೋಜನೆ ಅವರೇ ಮಾಡಿದರು, ಪ್ರವೇಶ ನಿಯಂತ್ರಣ, ಬೆಂಕಿ, ತೆರವು ಯೋಜನೆಯಲ್ಲಿ ಅವರ ನಿರ್ಧಾರ ಎಷ್ಟು, ಇವನ್ನು ನಾಗರಿಕ ಭಾಷೆಯಲ್ಲಿ ಬರೆಯಬೇಕು, ಗೋಪ್ಯ ವಿವರಗಳನ್ನು ಬಿಟ್ಟು. ಈಗಿನ ಟೆಕ್ ಪಾರ್ಕ್ ಕೆಲಸವನ್ನೂ ಹಾಗೆಯೇ. ಪಾಳಿ ನೋಡಿಕೊಳ್ಳುವುದಷ್ಟೇ ಇದ್ದರೆ ಅದು ಹೊಣೆಯ ಲೆಕ್ಕಕ್ಕೆ ಬರುವುದು ಅನುಮಾನ. ಆಗ ಮೊದಲ ಹಂತದ ಎಪಿಪಿ ಪ್ರಮಾಣಪತ್ರ ನೋಡಲಿ.

ಪರೀಕ್ಷೆ ಯಾವುದಾದರೂ ಆಗಲಿ, ನಮ್ಮ ಕಡೆಯವರಿಗೆ ಇನಿಷಿಯಲ್ ಕಾಟ ತಪ್ಪಿದ್ದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಊರು ಮತ್ತು ತಂದೆಯ ಹೆಸರಾಗಿರುತ್ತವೆ, ಆಧಾರದಲ್ಲಿ ಇನ್ನೊಂದು ಥರ. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಅಕ್ಷರಕ್ಕೆ ಅಕ್ಷರ ಹೆಸರು ಹಾಕಿ. ಹೊಂದದಿದ್ದರೆ ಕೇಂದ್ರದ ಬಾಗಿಲಿಂದಲೇ ವಾಪಸ್ ಕಳಿಸಬಹುದು, ಶುಲ್ಕವೂ ಹೋಗುತ್ತದೆ. ತಿದ್ದುಪಡಿಯನ್ನು ಪರೀಕ್ಷೆಗೆ ವಾರಗಳ ಮೊದಲೇ ಕೇಳಿ ಮಾಡಿಸಿಕೊಳ್ಳಿ.