ಸಹಾಯ ಬೇಕು: ಹೆಂಡತಿ ನೆದರ್‌ಲ್ಯಾಂಡ್ಸ್‌ನವಳು, ಮನೆ ಹೊಸನಗರ ಕಡೆ, ವಿಳಾಸದ ದಾಖಲೆ ತಕರಾರು

ಎಲ್ಲರಿಗೂ ನಮಸ್ಕಾರ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ 30 ದಿನದ ನೋಟಿಸ್ ಮುಗಿಸಿ ನಮ್ಮ ಮದುವೆ ರಿಜಿಸ್ಟರ್ ಆಯ್ತು. ಈಗ ಅವಳ ಟೂರಿಸ್ಟ್ ವೀಸಾವನ್ನು ಎಂಟ್ರಿ ವೀಸಾಗೆ (ಭಾರತೀಯರನ್ನು ಮದುವೆಯಾದ ವಿದೇಶಿಯರು ಇಲ್ಲಿ ಉಳಿಯೋಕೆ ಪಡೆಯೋ ವೀಸಾ) ಬದಲಾಯಿಸಬೇಕು. ಅರ್ಜಿ ಹಾಕೋದು ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ. ಈ ಮಳೆಗೆ ನೆಟ್‌ವರ್ಕ್ ಸಿಗೋದು ತೋಟದ ಮೇಲಿನ ದರೆಯಲ್ಲಿ ಮಾತ್ರ, ಅದು ಬೇರೆ ಕಥೆ.

ತೊಂದರೆ ಎರಡು. ಕರೆಂಟ್ ಬಿಲ್ಲು, ಪಹಣಿ ಎಲ್ಲಾ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ, ಚಿಕ್ಕಪ್ಪಂದಿರ ನಡುವೆ ಹಿಸ್ಸೆ ಆಗದೆ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡೋದು) ಹಾಗೇ ನಿಂತಿದೆ, ಹಾಗಾಗಿ ‘ಈ ವಿಳಾಸದಲ್ಲಿ ಇದ್ದಾಳೆ’ ಅಂತ ತೋರಿಸೋಕೆ ನನ್ನ ಹೆಸರಿನ ಕಾಗದವೇ ಇಲ್ಲ. ಅಪ್ಪ ಅಫಿಡವಿಟ್ ಕೊಟ್ಟು, ವಂಶವೃಕ್ಷ ಲಗತ್ತಿಸಿದರೆ ಒಪ್ಪುತ್ತಾರಾ? ಪಂಚಾಯಿತಿಯಿಂದ ವಾಸದ ದೃಢೀಕರಣ ತಂದರೆ ಸಾಕಾ?

ಎರಡನೆಯದು, ಪಾಸ್‌ಪೋರ್ಟ್‌ನಲ್ಲಿ ಅವಳ ಮನೆತನದ ಹೆಸರಿನ ಮುಂದೆ ‘ವಾನ್ ಡೆರ್’ ಇದೆ, ಮದುವೆ ಸರ್ಟಿಫಿಕೇಟ್‌ನಲ್ಲಿ ಅದು ಬಿಟ್ಟುಹೋಗಿದೆ. ಮೊದಲು ಇದನ್ನು ತಿದ್ದಿಸಲೇಬೇಕಾ? ಮುಂದೆ ಒಸಿಐ ಕಾರ್ಡಿಗೂ (ಭಾರತದ ಸಾಗರೋತ್ತರ ನಾಗರಿಕ ಕಾರ್ಡ್) ಇದೇ ಸರ್ಟಿಫಿಕೇಟ್ ಬೇಕಲ್ವಾ, ಮದುವೆ ರಿಜಿಸ್ಟರ್ ಆಗಿ 2 ವರ್ಷ ಆಗದೆ ಅದಕ್ಕೆ ಅರ್ಜಿ ಹಾಕೋಕಾಗಲ್ಲ ಅನ್ನೋದು ಗೊತ್ತು. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕಲ್ಲ, ಅದು ಆಗಿದೆ.

ಒಬ್ಬ ಏಜೆಂಟ್ ‘ಬೆಂಗಳೂರಲ್ಲಿ ಬಾಡಿಗೆ ಕರಾರು ಮಾಡಿಸಿಬಿಡಿ ಸಾರ್’ ಅಂದ. ಇರದ ಮನೆಗೆ ಸುಳ್ಳು ಕರಾರು ನನಗೆ ಬೇಡ. ಅಮ್ಮ ಮಾತ್ರ ‘ಸೊಸೆನ ವಾಪಸ್ ಕಳಿಸ್ತಾರೇನೋ’ ಅಂತ ದಿನಾ ಕೇಳ್ತಾಳೆ.

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆ ಯಾರಾದರೂ ಹಳ್ಳಿ ವಿಳಾಸದಲ್ಲೇ ಮಾಡಿಸಿದ್ದರೆ ಯಾವ ಕಾಗದ ಕೊಟ್ಟಿರಿ, ಪೊಲೀಸರು ಮನೆಗೆ ಬಂದರಾ, ದಯವಿಟ್ಟು ತಿಳಿಸಿ. ಫೋನಲ್ಲಿ ಮಾತಾಡೋದಾದರೆ ಮೆಸೇಜ್ ಹಾಕಿ, ನಾನೇ ಮಾಡ್ತೀನಿ.