ಅಪ್‌ಡೇಟ್: ತುಮಕೂರಿನ ಮನೆಯ ಪೂರ್ಣತಾ ಪ್ರಮಾಣಪತ್ರದ ವಿಚಾರ

ನಕ್ಷೆಗೆ ಸಹಿ ಹಾಕಿದ ಎಂಜಿನಿಯರರ ಹೊಣೆ ಅಲ್ಲಿಗೇ ಮುಗಿಯುತ್ತದೆಯೇ ಎಂದು ಹಿಂದೆ ಕೇಳಿದ್ದೆ; ಶಿರಾ ಗೇಟ್ ಬಳಿಯ ನಮ್ಮ ಮನೆಗೆ ಆಗ ಕಾಯಂ ವಿದ್ಯುತ್ ಸಂಪರ್ಕ ಸಿಕ್ಕಿರಲಿಲ್ಲ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ 310ನೇ ಪ್ರಕರಣದಂತೆ ಕಟ್ಟಡ ಮುಗಿದ ಒಂದು ತಿಂಗಳೊಳಗೆ ಆಯುಕ್ತರಿಗೆ ಲಿಖಿತ ಸೂಚನೆ ಕೊಟ್ಟು ವಾಸಕ್ಕೆ ಅನುಮತಿ ಪಡೆಯಬೇಕು. ನೀರು, ವಿದ್ಯುತ್, ಒಳಚರಂಡಿ ಸಂಪರ್ಕಗಳನ್ನು ಪೂರ್ಣತಾ ಪ್ರಮಾಣಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಪಾಲಿಕೆ ಕೊಡುವ ಪತ್ರ) ನೋಡಿದ ಮೇಲೆಯೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದರಿಂದ ಈಗ ಬಿಗಿ ಹೆಚ್ಚಿದೆ.

ಎಂಜಿನಿಯರರು ಮತ್ತೆ ಬಂದು ಟೇಪ್ ಹಿಡಿದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಅಳೆದಾಗ, ಮೇಸ್ತ್ರಿ ಹಿಂಬದಿಯಲ್ಲಿ ತನ್ನಿಷ್ಟದಂತೆ ಕಟ್ಟಿದ್ದ ಪಂಪ್ ಗೂಡು ನಕ್ಷೆ ಮೀರಿ ಚಾಚಿಕೊಂಡಿದ್ದು ಗೊತ್ತಾಯಿತು. ಅದನ್ನು ಒಡೆಸಿದ ಬಳಿಕವೇ ಅವರು ಕಟ್ಟಡ ಮುಗಿದ ಬಗೆಗಿನ ಪತ್ರಕ್ಕೆ ಸಹಿ ಹಾಕಿದರು, ನನಗದು ಸರಿಯೆನಿಸಿತು. ಪಾಲಿಕೆಯ ಸ್ಥಳ ತಪಾಸಣೆ ಮುಗಿದಿದ್ದು, ಪ್ರಮಾಣಪತ್ರ ಇನ್ನೂ ಕೈಸೇರಬೇಕಿದೆ.