ಕಾಂಬೋಡಿಯಾದ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಹುಡುಕೋದು ಹೇಗೆ? ಗ್ರಂಥಪಾಲಕರ ಜತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಎಲ್‌ಎಲ್‌ಎಂ ವಿದ್ಯಾರ್ಥಿನಿ. ಹಿಂದೆ ಕಾಂಬೋಡಿಯಾ ಆಳಿದ ಕಮ್ಯುನಿಸ್ಟ್ ಗುಂಪು ಖಮೇರ್ ರೂಜ್‌ನ ನಾಯಕರ ವಿಚಾರಣೆ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಲ್ಲಿನ ಖಮೇರ್ ಭಾಷೆ ಬರಲ್ಲ, ರಾಜಧಾನಿ ಫ್ನೋಮ್ ಪೆನ್‌ಗೆ ಹೋಗೋಕೆ ದುಡ್ಡೂ ಇಲ್ಲ. ಗೂಗಲ್ ಮಾಡಿದರೆ ಬರೀ ಸುದ್ದಿಗಳೇ ಬರುತ್ತವೆ. ಮನೆಯಲ್ಲೇ ಕೂತು ಮುಗಿಸಬಹುದಾ?

ಉತ್ತರ: ಧಾರಾಳವಾಗಿ. ವಿಶ್ವಸಂಸ್ಥೆಯ ನೆರವಿನಲ್ಲಿ ನಡೆದ ವಿಶೇಷ ನ್ಯಾಯಾಲಯ, ಅಂದ್ರೆ ಇಸಿಸಿಸಿ, ಖಮೇರ್, ಇಂಗ್ಲಿಷ್, ಫ್ರೆಂಚ್ ಮೂರರಲ್ಲೂ ಕೆಲಸ ಮಾಡಿತು. ತೀರ್ಪುಗಳೂ ಸಾಕ್ಷಿಗಳ ಹೇಳಿಕೆಗಳೂ ಅದರ ತಾಣದಲ್ಲಿ ಇಂಗ್ಲಿಷ್‌ನಲ್ಲೇ ಸಿಗುತ್ತವೆ.

ಆದರೆ ಹೆಸರು ಹಾಕಿ ಹುಡುಕಬೇಡಿ. ಖಮೇರ್ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ದಾಖಲೆ ಸಂಖ್ಯೆ ಹಿಡಿದು ಹೋಗಿ. ಸಂಖ್ಯೆಯ ಮುಂದೆ ಡಿ ಇದ್ದರೆ ತನಿಖೆಯ ಕಾಗದ, ಇ ಇದ್ದರೆ ವಿಚಾರಣೆಯದ್ದು, ಎಫ್ ಇದ್ದರೆ ಮೇಲ್ಮನವಿಯದ್ದು. ಟುವೋಲ್ ಸ್ಲೆಂಗ್ ಜೈಲಿನ ಮುಖ್ಯಸ್ಥನಾಗಿದ್ದ ಡೂಚ್ ಮೇಲಿನ 2010ರ ತೀರ್ಪು ಇ188. ಖಮೇರ್ ರೂಜ್‌ನ ಹಿರಿಯ ನಾಯಕರಾದ ನುವೊನ್ ಚಿಯಾ, ಖಿಯು ಸಂಫಾನ್ ಇಬ್ಬರ ಮೇಲಿನ ಮೊದಲ ತೀರ್ಪು, 2014ರದ್ದು, ಇ313. ನರಮೇಧದ ಆರೋಪ ಸಾಬೀತಾದ 2018ರ ತೀರ್ಪು ಇ465.

ನೀವು ಇ465ರಿಂದ ಶುರು ಮಾಡಿ. ಎರಡು ಸಾವಿರ ಪುಟಕ್ಕಿಂತ ಜಾಸ್ತಿ ಇದೆ, ಹೆದರಬೇಡಿ. ಪೂರ್ತಿ ಯಾರೂ ಓದಲ್ಲ. ನಿಮ್ಮ ವಿಷಯದ ಅಧ್ಯಾಯ ತೆರೆದು ಅಡಿಟಿಪ್ಪಣಿಗಳನ್ನು ನೋಡಿ. ಅಲ್ಲಿ ಇ1 ಅಂತ ಶುರುವಾದರೆ ಅದು ನ್ಯಾಯಾಲಯದಲ್ಲಿ ಆ ದಿನ ನಡೆದ ಮಾತುಕತೆಯ ಪೂರ್ತಿ ದಾಖಲೆ. ಇ3 ಅಂತಿದ್ದರೆ ನ್ಯಾಯಾಲಯ ಒಪ್ಪಿಕೊಂಡ ಪುರಾವೆ. ಈ ಎರಡನ್ನು ಹಿಡಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಬೇಕಾದ ಪಿಡಿಎಫ್‌ಗಳನ್ನು ಕೂಡಲೇ ಇಳಿಸಿಕೊಳ್ಳಿ, ಲಿಂಕ್‌ಗಳು ಬದಲಾಗುತ್ತಲೇ ಇರುತ್ತವೆ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಟುವೋಲ್ ಸ್ಲೆಂಗ್ ಜೈಲಿನ ಕೈದಿಗಳ ತಪ್ಪೊಪ್ಪಿಗೆ ಪತ್ರಗಳನ್ನೂ ಬಳಸಬಹುದಾ?

ಉತ್ತರ: ಇಲ್ಲಿ ಹುಷಾರು. ಆ ಜೈಲು ಈಗ ಮ್ಯೂಸಿಯಂ. ಅಲ್ಲಿನ ಕಾಗದಗಳು 2009ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು, ಆಮೇಲೆ ಡಿಜಿಟಲ್ ಕೂಡ ಆದವು. ಆದರೆ ಅವು ಚಿತ್ರಹಿಂಸೆ ಕೊಟ್ಟು ಬರೆಸಿದ ಪತ್ರಗಳು. ತಾನು ಸಿಐಎ ಏಜೆಂಟ್ ಅಂತ ಕೈದಿ ಬರೆದಿದ್ದರೆ ಅದು ನಿಜ ಅಂತ ತಿಳಿಯಬೇಡಿ. ಹಿಂಸೆಯಿಂದ ಪಡೆದ ಹೇಳಿಕೆಯನ್ನು ಪುರಾವೆಯಾಗಿ ಬಳಸಬಾರದು ಅಂತ ಚಿತ್ರಹಿಂಸೆ ವಿರೋಧಿ ಒಪ್ಪಂದದ 15ನೇ ವಿಧಿ ಹೇಳುತ್ತದೆ. ಹಿಂಸೆ ಕೊಟ್ಟವರ ವಿರುದ್ಧ ಮಾತ್ರ ಬಳಸಬಹುದು. ಹಾಗಾಗಿ ಪತ್ರಕ್ಕಿಂತ ಅದರ ಅಂಚು ನೋಡಿ. ತಾರೀಕು, ಪತ್ರ ಯಾರಿಗೆ ಹೋಯಿತು, ಡೂಚ್ ಪಕ್ಕದಲ್ಲಿ ಗೀಚಿದ ಟಿಪ್ಪಣಿ. ಜೈಲು ಹೇಗೆ ನಡೆಯಿತು ಅನ್ನೋದು ಅಲ್ಲಿ ಕಾಣುತ್ತದೆ. ಅಲ್ಲಿ ಕನಿಷ್ಠ 12,272 ಜನರನ್ನು ಕೊಂದರು ಅನ್ನೋ ಇ188ರ ಲೆಕ್ಕಕ್ಕೆ ಆಧಾರ ಕೈದಿಗಳ ಪಟ್ಟಿ, ತಪ್ಪೊಪ್ಪಿಗೆ ಅಲ್ಲ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಶಾಸನಗಳ ಹುಚ್ಚು. ಅಂಗ್ಕೋರ್ ಕಾಲದವು, ಅಂದ್ರೆ ಕಾಂಬೋಡಿಯಾದ ಹಳೆ ಖಮೇರ್ ಸಾಮ್ರಾಜ್ಯದವು, ಸಿಗುತ್ತವಾ?

ಉತ್ತರ: ನಮ್ಮ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ ತಿರುವಿ ಹಾಕಿದವರಿಗೆ ಇದು ಸಲೀಸು ಸರ್. ಪ್ರತಿ ಶಾಸನಕ್ಕೂ ಒಂದು ಕೆ ಸಂಖ್ಯೆ ಇದೆ. ಕಾಲ ಹೇಳೋದೂ ಶಕವರ್ಷದಲ್ಲೇ, 78 ಕೂಡಿಸಿದರೆ ಆಯ್ತು. ಅಂಗ್ಕೋರ್‌ಗೂ ಹಿಂದಿನ, ಸೊನ್ನೆಯನ್ನು ಚುಕ್ಕೆಯಾಗಿ ಕೊರೆದ ಕೆ.127 ಶಕ 605ರದ್ದು, ಅಂದ್ರೆ ಕ್ರಿ.ಶ. 683. ಎಷ್ಟೋ ಶಾಸನಗಳಲ್ಲಿ ಸಂಸ್ಕೃತವೂ ಇದೆ, ಆ ಭಾಗ ನಿಮಗೆ ಬರುತ್ತದೆ. ಅನುವಾದ ಬಹುತೇಕ ಫ್ರೆಂಚ್‌ನಲ್ಲಿದೆ. ಫ್ರೆಂಚ್ ಸಂಸ್ಥೆ ಇಎಫ್‌ಇಒದ ಪತ್ರಿಕೆಯ ಹಳೆ ಸಂಚಿಕೆಗಳು ಪೆರ್ಸೆ ತಾಣದಲ್ಲಿ ಪುಕ್ಕಟೆ. ಹಳೆ ಖಮೇರ್ ಪದಗಳಿಗೆ ಸೀಲ್ಯಾಂಗ್ ಲೈಬ್ರರಿ ನೋಡಿ.

ಪ್ರಶ್ನೆ: ಕೊನೇದು ಮೇಡಂ. ಈಗಿನ ಕಾನೂನುಗಳು?

ಉತ್ತರ: ಓಪನ್ ಡೆವಲಪ್‌ಮೆಂಟ್ ಕಾಂಬೋಡಿಯಾ ತಾಣದಲ್ಲಿ 1993ರ ಸಂವಿಧಾನ, 2001ರ ಭೂ ಕಾನೂನು ಎಲ್ಲ ಇವೆ. ಇಂಗ್ಲಿಷ್ ಪ್ರತಿ ಸುಮ್ನೆ ಅನುಕೂಲಕ್ಕೆ, ಅಧಿಕೃತ ಪಠ್ಯ ಖಮೇರ್‌ನದ್ದೇ. ಖಮೇರ್ ಪದ ಅಂಟಿಸಿ ಹುಡುಕುವಾಗ ಇಡೀ ವಾಕ್ಯ ಹಾಕಬೇಡಿ. ಆ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡಲ್ಲ, ಹುಡುಕಾಟ ತಪ್ಪುತ್ತದೆ. ಒಂದೇ ಪದ ಹಾಕಿ ನೋಡಿ.